ಬೀಗದ ಗುರುತು ತೋರಿಸುವವರು ಯಾರು? ಬ್ರೌಸರನ್ನು ನೀವೇ ಆರಿಸಿಕೊಳ್ಳಿ



ಒಂದು ಸಣ್ಣ ಪ್ರಶ್ನೆ. ನಿಮ್ಮ ಮನೆಯ ಫೋನಿನಲ್ಲೋ ಶಾಲೆಯ ಕಂಪ್ಯೂಟರಿನಲ್ಲೋ ಇಂಟರ್ನೆಟ್ ನೋಡಲು ನೀವು ತೆರೆಯುವ ಬ್ರೌಸರ್ ಇದೆಯಲ್ಲ, ಅದನ್ನು ಆರಿಸಿದವರು ಯಾರು? ಅಪ್ಪ ಅಲ್ಲ, ಅಮ್ಮ ಅಲ್ಲ, ಮೇಷ್ಟ್ರೂ ಅಲ್ಲ. ಫೋನು ಡಬ್ಬಿಯಿಂದ ಹೊರಗೆ ಬರುವಾಗಲೇ ಅದು ಒಳಗೆ ಕೂತಿತ್ತು. ತಯಾರಿಸಿದ ಕಂಪನಿ ಹಾಕಿಕೊಟ್ಟಿತು, ನಾವು ಬಳಸುತ್ತಾ ಬಂದೆವು, ಅಷ್ಟೆ.

ಹಾಡು ಕೇಳಲು, ಕ್ರಿಕೆಟ್ ಸ್ಕೋರು ನೋಡಲು ಅದು ಸಾಕು ಬಿಡಿ. ಆದರೆ ಎಲ್ಲ ಕೆಲಸವೂ ಒಂದೇ ತೂಕದ್ದಲ್ಲ. ಎಂಟನೇ ತರಗತಿಯಲ್ಲಿ ಎನ್ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ತುಂಬಬೇಕು. ದುಡ್ಡು ಬರುವುದು ಖಾತೆಗೆ. ಆ ವಿವರ ಬೇರೆಯವರ ಕೈಗೆ ಸಿಕ್ಕರೆ ನಷ್ಟ ನಿಮ್ಮ ಮನೆಯದು. ಇಂಥ ಕೆಲಸಕ್ಕೆ ಯಾವ ಬ್ರೌಸರ್ ಬಳಸಬೇಕು ಎನ್ನುವುದನ್ನು ಫೋನು ಮಾರಿದವರ ಇಷ್ಟಕ್ಕೆ ಬಿಡಬಾರದು, ನಾವೇ ಯೋಚಿಸಿ ಆರಿಸಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಯಾಕೆ ಅಂತ ನೋಡೋಣ.

ಬೀಗದ ಗುರುತು ಎಲ್ಲಿಂದ ಬರುತ್ತದೆ?

ಕೊಯಮತ್ತೂರಿನ ಪಕ್ಕದ ಪೋತ್ತನೂರು ಜಂಕ್ಷನ್ ಈ ಭಾಗದ ಹಲವರಿಗೆ ಗೊತ್ತು. ಕೊಯಮತ್ತೂರು, ಪಾಲಕ್ಕಾಡು, ಇರುಗೂರು, ಪೊಳ್ಳಾಚಿ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ದಕ್ಷಿಣ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ಕಾರ್ಖಾನೆ ಇರುವುದೂ ಅಲ್ಲೇ. ರೈಲಿನ ಚಾಲಕನಿಗೆ ಹಸಿರು ದೀಪ ಕಂಡರೆ ಮುಂದೆ ಹೋಗುತ್ತಾನೆ. ಆದರೆ ಆ ಹಸಿರು ದೀಪ ಸುಮ್ಮನೆ ಹತ್ತುವುದಿಲ್ಲ. ಹಳಿ ಸರಿಯಾದ ಕಡೆಗೆ ತಿರುಗಿದೆಯೇ, ಅಲ್ಲಿ ಭದ್ರವಾಗಿ ಕೂತಿದೆಯೇ, ಮುಂದಿನ ದಾರಿ ಖಾಲಿ ಇದೆಯೇ ಎಂದು ಹಿಂದೆ ಇರುವ ಯಂತ್ರಗಳು ನೋಡಿ ಒಪ್ಪಿದ ಮೇಲೆಯೇ ಹತ್ತುತ್ತದೆ. ಸಿಗ್ನಲ್ ರಿಲೇಗೆ ಕರೆಂಟು ತಪ್ಪಿದರೆ ಅದರ ಕೈ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ, ಸಿಗ್ನಲ್ ಕೆಂಪಿಗೆ ಬರುತ್ತದೆ. ಅನುಮಾನ ಬಂದರೆ ನಿಲ್ಲಿಸು ಎನ್ನುವುದು ಅಲ್ಲಿನ ನಿಯಮ.

ಬ್ರೌಸರ್ ಕೂಡ ನಿಮಗೆ ಇಂಥದ್ದೇ ಒಂದು ಸಿಗ್ನಲ್. ಎಚ್‌ಟಿಟಿಪಿಎಸ್ ಎಂದು ಶುರುವಾಗುವ ವಿಳಾಸಕ್ಕೆ ನೀವು ಹೋದಾಗ ಆ ಜಾಲತಾಣ ತನ್ನ ಪ್ರಮಾಣಪತ್ರವನ್ನು ಬ್ರೌಸರಿಗೆ ಕಳಿಸುತ್ತದೆ. "ಈ ಹೆಸರಿನ ತಾಣ ನಾನೇ, ಬೇಕಾದರೆ ಇವರ ಸಹಿ ನೋಡಿ" ಎನ್ನುವ ಪತ್ರ ಅದು. ಸಹಿ ಹಾಕುವುದಕ್ಕೆಂದೇ ಸಂಸ್ಥೆಗಳಿವೆ. ಆ ಸಹಿಯನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ಬ್ರೌಸರ್ ಒಂದು ನಂಬಿಕೆಯ ಪಟ್ಟಿಯನ್ನು ನೋಡುತ್ತದೆ. ಪಟ್ಟಿಯಲ್ಲಿ ಇರುವವರ ಸಹಿಯಾದರೆ ಸರಿ, ಇಲ್ಲದಿದ್ದರೆ ಎಚ್ಚರಿಕೆಯ ಪುಟ. ಆಮೇಲೆ ಇಬ್ಬರೂ ಸೇರಿ ಗೂಢಲಿಪಿಯ ಬೀಗ ಒಂದನ್ನು ಒಪ್ಪಿಕೊಳ್ಳುತ್ತಾರೆ. ಮಧ್ಯೆ ಯಾರಾದರೂ ಕದ್ದು ನೋಡಿದರೂ ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ ಕಾಣುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಬೀಗದ ಗುರುತನ್ನು ತೋರಿಸುವುದು ಜಾಲತಾಣ ಅಲ್ಲ, ಬ್ರೌಸರ್. ಅದು ಬ್ರೌಸರಿನ ತೀರ್ಪು. ನ್ಯಾಯಾಧೀಶರು ಬದಲಾದರೆ ತೀರ್ಪೂ ಬದಲಾಗಬಹುದು, ಅಲ್ವಾ? ಹೌದು, ಬದಲಾಗಿದೆ. ಅದೂ ನಮ್ಮ ದೇಶದಲ್ಲೇ.

2014ರ ಜುಲೈನಲ್ಲಿ ಆದದ್ದು

2014ರ ಜುಲೈ 2ರಂದು ಗೂಗಲ್ ಕಂಪನಿಗೆ ಒಂದು ವಿಚಿತ್ರ ಸಂಗತಿ ತಿಳಿಯಿತು. ತನ್ನ ಜಾಲತಾಣಗಳ ಹೆಸರಿನಲ್ಲಿ ತಾನು ಕೇಳದೇ ಇದ್ದ ಪ್ರಮಾಣಪತ್ರಗಳು ಹುಟ್ಟಿಕೊಂಡಿದ್ದವು. ಅವು ಬಂದದ್ದು ಭಾರತದ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್ಐಸಿಯ ಪ್ರಮಾಣಪತ್ರ ವಿಭಾಗದಿಂದ. ಅಲ್ಲಿ ಪತ್ರ ಕೊಡುವ ವ್ಯವಸ್ಥೆಯೊಳಗೆ ಯಾರೋ ನುಸುಳಿದ್ದರು ಎಂದು ಅದರ ಮೇಲಿನ ಸಂಸ್ಥೆಯಾದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಕಚೇರಿ ಆಮೇಲೆ ತಿಳಿಸಿತು. ಇಂಥ ಪತ್ರ ಕಳ್ಳನ ಕೈಗೆ ಸಿಕ್ಕರೆ ಅವನು ಮಧ್ಯದಲ್ಲಿ ಕೂತು "ನಾನೇ ಗೂಗಲ್" ಎಂದು ನಿಮ್ಮ ಬ್ರೌಸರಿಗೆ ಹೇಳಬಹುದು. ಬ್ರೌಸರ್ ಒಪ್ಪಿದರೆ ನಿಮ್ಮ ಪಾಸ್‌ವರ್ಡ್ ಅವನ ಕೈಗೆ.

ಆಗ ಬೇರೆ ಬೇರೆ ಬ್ರೌಸರುಗಳು ಹೇಗೆ ನಡೆದುಕೊಂಡವು ನೋಡಿ. ಭಾರತದ ಆ ನಿಯಂತ್ರಕರ ಮೂಲ ಪ್ರಮಾಣಪತ್ರ ವಿಂಡೋಸ್‌ನ ನಂಬಿಕೆಯ ಪಟ್ಟಿಯಲ್ಲಿತ್ತು. ವಿಂಡೋಸ್ ಜೊತೆಗೇ ಬರುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ನೋಡುತ್ತಿದ್ದದ್ದು ಅದೇ ಪಟ್ಟಿಯನ್ನು. ಹಾಗಾಗಿ ಅದು ಈ ಸುಳ್ಳು ಪತ್ರಗಳನ್ನು ನಂಬುವ ಸ್ಥಿತಿಯಲ್ಲಿತ್ತು. ಕ್ರೋಮ್ ಕೂಡ ಆಗ ವಿಂಡೋಸ್‌ನಲ್ಲಿ ಅದೇ ಪಟ್ಟಿಯನ್ನು ಬಳಸುತ್ತಿತ್ತು. ಆದರೆ ಗೂಗಲ್ ತಾಣಗಳಿಗೆ ಯಾವ ಪತ್ರ ಸರಿ ಎನ್ನುವುದನ್ನು ಅದು ಮೊದಲೇ ತನ್ನೊಳಗೆ ಬರೆದಿಟ್ಟುಕೊಂಡಿದ್ದರಿಂದ ಆ ತಾಣಗಳ ಮಟ್ಟಿಗೆ ಮೋಸ ಹೋಗುತ್ತಿರಲಿಲ್ಲ. ಫೈರ್‌ಫಾಕ್ಸ್ ಮಾತ್ರ ತನ್ನದೇ ಪಟ್ಟಿಯನ್ನು ಹೊತ್ತು ತಿರುಗುವ ಬ್ರೌಸರ್. ಅದರ ಪಟ್ಟಿಯಲ್ಲಿ ಆ ಮೂಲ ಪತ್ರ ಇರಲೇ ಇಲ್ಲ. ಅದಕ್ಕೆ ಈ ಪೆಟ್ಟು ತಾಗಲೇ ಇಲ್ಲ.

ಮರುದಿನ, ಜುಲೈ 3ರಂದೇ, ನಿಯಂತ್ರಕರು ಎನ್ಐಸಿಯ ಪತ್ರಗಳನ್ನು ರದ್ದು ಮಾಡಿದರು. ಜುಲೈ 10ರಂದು ಮೈಕ್ರೋಸಾಫ್ಟ್ ಅವನ್ನು ವಿಂಡೋಸ್‌ನ ನಂಬಿಕೆಯಿಂದ ಕಿತ್ತುಹಾಕಿತು. ಕ್ರೋಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತದ ಆ ಮೂಲದಿಂದ ಬರುವ ಪತ್ರಗಳನ್ನು ಜಿಒವಿ ಡಾಟ್ ಇನ್, ಎನ್ಐಸಿ ಡಾಟ್ ಇನ್ ಮುಂತಾದ ಕೆಲವೇ ಹೆಸರುಗಳಿಗೆ ಕಟ್ಟಿಹಾಕಿತು. ಒಂದೇ ಸುಳ್ಳು ಪತ್ರ, ಒಂದೇ ಕಂಪ್ಯೂಟರ್, ಆದರೆ ಒಂದು ಬ್ರೌಸರಿನಲ್ಲಿ ಅಪಾಯ, ಇನ್ನೊಂದರಲ್ಲಿ ಇಲ್ಲ. ಬ್ರೌಸರಿನ ಆಯ್ಕೆ ಬರೀ ಬಣ್ಣದ, ಅಂದಚಂದದ ವಿಷಯ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಹಳೇ ಯಂತ್ರದ ಕಷ್ಟ

ನಮ್ಮ ಶಾಲೆಗಳಿಗೆ ಹೊಸ ಕಂಪ್ಯೂಟರ್ ಬರುವುದು ಅಪರೂಪ. ಮನೆಯಲ್ಲೂ ಅಕ್ಕ ಬಳಸಿ ಬಿಟ್ಟ ಫೋನು ತಮ್ಮನಿಗೆ ಬರುತ್ತದೆ. ಅದಕ್ಕೇ ಈ ಮಾತು ನಮಗೆ ಇನ್ನೂ ಹೆಚ್ಚು ಸಂಬಂಧಪಟ್ಟದ್ದು.

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಅದರಲ್ಲಿ ಹಾಕಬಹುದಾದ ಕೊನೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಟನೇ ಆವೃತ್ತಿ. ಜಾಲತಾಣಗಳ ಬೀಗದ ಹೊಸ ನಿಯಮವಾದ ಟಿಎಲ್ಎಸ್ 1.2, 2008ರಲ್ಲೇ ಬಂದಿದ್ದರೂ ಆ ಬ್ರೌಸರಿಗೆ ಅದು ಗೊತ್ತಿರಲಿಲ್ಲ. ಬ್ಯಾಂಕಿನಂಥ ತಾಣಗಳು ಹಳೇ ಬೀಗ ಬಿಟ್ಟು ಹೊಸದಕ್ಕೆ ಹೋದ ಮೇಲೆ ಆ ಬ್ರೌಸರಿನಲ್ಲಿ ಪುಟವೇ ತೆರೆಯುತ್ತಿರಲಿಲ್ಲ. ಅದೇ ಯಂತ್ರಕ್ಕೆ ಫೈರ್‌ಫಾಕ್ಸ್ ಹಾಕಿಕೊಂಡವರಿಗೆ ತೆರೆಯುತ್ತಿತ್ತು. ಯಾಕೆಂದರೆ ಗೂಢಲಿಪಿಯ ಲೆಕ್ಕವನ್ನೂ ಅದು ವಿಂಡೋಸನ್ನು ಕೇಳದೆ ತಾನೇ ಮಾಡಿಕೊಳ್ಳುತ್ತದೆ. ಆದರೆ ಇದಕ್ಕೂ ಆಯಸ್ಸಿದೆ. 2018ರಲ್ಲಿ ಫೈರ್‌ಫಾಕ್ಸ್ ಕೂಡ ಎಕ್ಸ್‌ಪಿಯನ್ನು ಕೈಬಿಟ್ಟಿತು. ಬೇರೆ ಬ್ರೌಸರ್ ಹಳೇ ಯಂತ್ರಕ್ಕೆ ನಾಲ್ಕು ವರ್ಷ ಹೆಚ್ಚು ಕೊಡಬಹುದು, ಅಮರತ್ವ ಕೊಡುವುದಿಲ್ಲ.

ಫೋನಿನಲ್ಲೂ ಇದೇ ಕಥೆ. ದುಡ್ಡು ಕೇಳದೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಇದೆ. ಲೋಕದ ಲಕ್ಷಾಂತರ ಸಣ್ಣ ತಾಣಗಳು ಬಳಸುವುದು ಅದರ ಪತ್ರವನ್ನೇ. ಆಂಡ್ರಾಯ್ಡ್ 7.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ಅದರ ಮೂಲ ಪತ್ರ ಇರಲಿಲ್ಲ. ಇನ್ನೊಂದು ಹಳೇ ಸಂಸ್ಥೆಯ ಸಹಿಯ ಆಸರೆಯಲ್ಲಿ ಕೆಲಸ ನಡೆಯುತ್ತಿತ್ತು. ಆ ಹಳೇ ಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. ಫೋನು ತಯಾರಿಸಿದ ಕಂಪನಿಗಳು ಹಳೇ ಫೋನಿಗೆ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆಗ, 2020ರ ನವೆಂಬರಿನಲ್ಲಿ, ಆ ಸಂಸ್ಥೆಯೇ ಜನರಿಗೆ ಕೊಟ್ಟ ಸಲಹೆ ಏನು ಗೊತ್ತೇ? ಫೈರ್‌ಫಾಕ್ಸ್ ಹಾಕಿಕೊಳ್ಳಿ, ಅದು ತನ್ನ ಪಟ್ಟಿಯನ್ನು ತಾನೇ ತರುತ್ತದೆ ಅಂತ. ಆಮೇಲೆ ಸಂಸ್ಥೆ ಬೇರೊಂದು ಉಪಾಯ ಹುಡುಕಿ ಹಳೇ ಫೋನುಗಳಿಗೆ 2024ರವರೆಗೆ ಸಮಯ ಕೊಡಿಸಿತು, ಅದು ಬೇರೆ ಮಾತು. ಫೋನಿನ ಜೊತೆ ಬಂದದ್ದು ಕೈಕೊಟ್ಟಾಗ ನಾವೇ ಆರಿಸಿದ್ದು ಕೈಹಿಡಿಯಬಹುದು ಎನ್ನುವುದು ಮುಖ್ಯ.

ಒಂದೇ ಬ್ರೌಸರಿಗೆ ಗಂಟುಬಿದ್ದ ದೇಶ

ಎಲ್ಲರೂ ಜೊತೆಗೆ ಬಂದದ್ದನ್ನೇ ಬಳಸಿದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಕೊರಿಯಾ ಒಂದು ಪಾಠ. 1990ರ ದಶಕದ ಕೊನೆಯಲ್ಲಿ ಬಲವಾದ ಗೂಢಲಿಪಿ ಇರುವ ಬ್ರೌಸರುಗಳನ್ನು ಹೊರಗೆ ಕಳಿಸಲು ಅಮೆರಿಕ ಅಡ್ಡಿ ಹಾಕಿತ್ತು. ಕೊರಿಯಾದವರು ಜಾಣರು, ಸೀಡ್ ಎಂಬ ತಮ್ಮದೇ ಗೂಢಲಿಪಿ ಮಾಡಿಕೊಂಡರು. ಅದು ಬ್ರೌಸರಿನೊಳಗೆ ಇರಲಿಲ್ಲವಾದ್ದರಿಂದ ಆಕ್ಟಿವ್‌ಎಕ್ಸ್ ಎಂಬ ಜೋಡಣೆಯ ಮೂಲಕ ಸೇರಿಸಿದರು. ಆಕ್ಟಿವ್‌ಎಕ್ಸ್ ಓಡುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಅಲ್ಲಿಗೆ ಬ್ಯಾಂಕು, ಅಂಗಡಿ, ಸರ್ಕಾರಿ ಕಚೇರಿ ಎಲ್ಲವೂ ಆ ಒಂದೇ ಬ್ರೌಸರಿಗೆ ಅಂಟಿಕೊಂಡವು. ಪುಟ ತೆರೆದಾಗಲೆಲ್ಲ "ಇದನ್ನು ಹಾಕಲೇ?" ಎಂಬ ಪ್ರಶ್ನೆ, ಜನ ಓದದೆಯೇ "ಹೂಂ" ಒತ್ತುವುದು. ಭದ್ರತೆಗಾಗಿ ಮಾಡಿದ್ದೇ ಜನರಿಗೆ ಭದ್ರತೆಯಿಲ್ಲದ ಅಭ್ಯಾಸ ಕಲಿಸಿಬಿಟ್ಟಿತು. ಆ ಕಾಲದ ಕಡ್ಡಾಯ ಪ್ರಮಾಣಪತ್ರ ಪದ್ಧತಿಯನ್ನು ಕೊರಿಯಾ ಪೂರ್ತಿ ಬಿಟ್ಟದ್ದು 2020ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಎಕ್ಸ್‌ಪ್ಲೋರರಿಗೇ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿ ಕೊಟ್ಟಿತು. ಅದನ್ನೇ ನಂಬಿ ಕೂತವರೆಲ್ಲ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ನಮ್ಮಲ್ಲೂ "ಈ ತಾಣ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿ ಕಾಣುತ್ತದೆ" ಎಂದು ಅಡಿಯಲ್ಲಿ ಬರೆದುಕೊಂಡ ಸರ್ಕಾರಿ ಪುಟಗಳು ಬೇಕಾದಷ್ಟಿದ್ದವು. ಜಾಲತಾಣ ಮಾಡುವವರಿಗೆ ಎರಡು ಮೂರು ಬ್ರೌಸರಿನಲ್ಲಿ ಪರೀಕ್ಷಿಸುವ ಅಭ್ಯಾಸ ಬರುವುದು ಬಳಸುವ ಜನ ಎರಡು ಮೂರು ಬ್ರೌಸರಿನಲ್ಲಿ ಇದ್ದಾಗ ಮಾತ್ರ. ನೀವು ಬೇರೆ ಬ್ರೌಸರ್ ಬಳಸಿದರೆ ಅದು ನಿಮಗೊಬ್ಬರಿಗೇ ಅಲ್ಲ, ಊರಿಗೂ ಉಪಕಾರ.

ಕಂಪನಿಗಳು ಯಾಕೆ ಮೊದಲೇ ಹಾಕಿಕೊಡುತ್ತವೆ? ದಾನಕ್ಕಲ್ಲ. ಕಣ್ಣೆದುರು ಇರುವುದನ್ನೇ ಜನ ಒತ್ತುತ್ತಾರೆ ಎನ್ನುವುದು ಅವಕ್ಕೆ ಗೊತ್ತು. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಕ್ರೋಮ್ ಸೇರಿದಂತೆ ತನ್ನ ಆ್ಯಪ್‌ಗಳ ಗಂಟನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಹಾಕಿಸುವ ಕರಾರು ಆ ಪ್ರಕರಣದ ಒಂದು ಮುಖ್ಯ ವಿಷಯ. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚಿನಲ್ಲಿ ಆಯೋಗದ ಕೆಲವು ಸೂಚನೆಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಮೊದಲೇ ಹಾಕಿಕೊಡುವ ಜಾಗಕ್ಕೆ ಎಷ್ಟು ಬೆಲೆ ಇದೆ ಎನ್ನುವುದು ಇದರಿಂದ ತಿಳಿಯುತ್ತದೆ.

ಬೇರೆಯದು ಎಂದಮಾತ್ರಕ್ಕೆ ಒಳ್ಳೆಯದಲ್ಲ

ಹಾಗಂತ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಯುಸಿ ಬ್ರೌಸರ್ ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿತ್ತು. ಡೇಟಾ ಉಳಿಯುತ್ತದೆ, ಬೇಗ ತೆರೆಯುತ್ತದೆ ಅಂತ ಜನ ತಾವಾಗಿಯೇ ಹಾಕಿಕೊಂಡರು. 2015ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದನ್ನು ಪರೀಕ್ಷಿಸಿ, ಬಳಸುವವರು ಹುಡುಕಿದ ಪದಗಳು ಗೂಢಲಿಪಿಯಿಲ್ಲದೆ ಹೊರಗೆ ಹೋಗುತ್ತಿವೆ ಎಂದು ತೋರಿಸಿತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ವೇಗಕ್ಕೆ ಮರುಳಾಗಿ ಆರಿಸಿದ ಬ್ರೌಸರ್ ಜೊತೆಗೆ ಬಂದದ್ದಕ್ಕಿಂತ ಕೆಟ್ಟದ್ದಾಗಬಹುದು.

ಇನ್ನೊಂದು ಮಾತು. ಹೆಸರು ಹತ್ತಿದ್ದರೂ ಒಳಗಿನ ಎಂಜಿನ್ ಹತ್ತಲ್ಲ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಎಲ್ಲಕ್ಕೂ ಕ್ರೋಮಿಯಂ ಎಂಬ ಒಂದೇ ತಳಪಾಯ. ಫೈರ್‌ಫಾಕ್ಸಿನ ಎಂಜಿನ್ ಬೇರೆ, ಆ್ಯಪಲ್‌ನ ಸಫಾರಿಯದು ಬೇರೆ. ನಮ್ಮ ದೇಶದಲ್ಲಿ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಸಫಾರಿಯ ಎಂಜಿನ್ನೇ. ಅದಕ್ಕೇ ಎರಡನೆಯ ಬ್ರೌಸರ್ ಆರಿಸುವಾಗ ಬೇರೆ ಎಂಜಿನ್ನಿನದು ಸಿಕ್ಕರೆ ಒಳ್ಳೆಯದು ಎನ್ನುತ್ತೇನೆ. ಒಂದರಲ್ಲಿ ದೋಷ ಕಂಡುಬಂದ ದಿನ ಇನ್ನೊಂದು ಕೈಯಲ್ಲಿರುತ್ತದೆ.

ನಮ್ಮ ದೇಶದಲ್ಲೇ ಬ್ರೌಸರ್ ಆಗಲಿ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಆಗಸ್ಟಿನಲ್ಲಿ ಒಂದು ಸ್ಪರ್ಧೆ ಇಟ್ಟಿತು. ಬೆಂಗಳೂರಿನ ಸಿ-ಡ್ಯಾಕ್ ಅದನ್ನು ನಡೆಸುವುದರಲ್ಲಿ ಕೈಜೋಡಿಸಿತ್ತು. 2025ರ ಮಾರ್ಚಿನಲ್ಲಿ ಫಲಿತಾಂಶ ಬಂತು, ಚೆನ್ನೈನ ಜೋಹೋ ಕಂಪನಿಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ. ಅವರ ಬ್ರೌಸರಿನ ಹೆಸರು ಉಲಾ. ತಮಿಳು ಬಲ್ಲ ನಿಮಗೆ ಗೊತ್ತಿರಬಹುದು, ಉಲಾ ಎಂದರೆ ಸವಾರಿ, ತಿರುಗಾಟ. ಅದರ ತಳಪಾಯವೂ ಕ್ರೋಮಿಯಂ. ಸಂತೋಷದ ಸಂಗತಿಯೇ. ಆದರೆ ನಮ್ಮವರದು ಎಂಬ ಅಭಿಮಾನದಿಂದ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬೇಡಿ. ಎಲ್ಲಕ್ಕೂ ಒಂದೇ ಪರೀಕ್ಷೆ.

ಆ ಪರೀಕ್ಷೆ ಯಾವುದು?

ಒಂದನೆಯದು, ಅದು ಇನ್ನೂ ಜೀವಂತ ಇದೆಯೇ? ಸೆಟ್ಟಿಂಗ್ಸ್‌ಗೆ ಹೋಗಿ ಆವೃತ್ತಿ ಸಂಖ್ಯೆ ನೋಡಿ. ಪ್ಲೇ ಸ್ಟೋರಿನಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಬಂತು ನೋಡಿ. ಒಳ್ಳೆಯ ಬ್ರೌಸರಿಗೆ ಕೆಲವು ವಾರಗಳಿಗೊಮ್ಮೆ ಅಪ್‌ಡೇಟ್ ಬರುತ್ತದೆ. ತಿಂಗಳುಗಟ್ಟಲೆ ಏನೂ ಬಂದಿಲ್ಲವೆಂದರೆ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ.

ಎರಡನೆಯದು, ಮಾಡಿದವರು ಯಾರು, ಅವರ ಹೊಟ್ಟೆಪಾಡು ಯಾವುದರಿಂದ? ಬ್ರೌಸರಿಗೆ ನಾವು ದುಡ್ಡು ಕೊಡುವುದಿಲ್ಲ. ಹಾಗಾದರೆ ಜಾಹೀರಾತಿನಿಂದಲೋ, ಹುಡುಕಾಟದ ಕಂಪನಿ ಕೊಡುವ ಹಣದಿಂದಲೋ, ಬೇರೆ ವ್ಯಾಪಾರದಿಂದಲೋ ನಡೆಯಬೇಕು. ತೆರೆದ ತಕ್ಷಣ ಸಿನಿಮಾ ಸುದ್ದಿ, ಸಾಲದ ಜಾಹೀರಾತು ಸುರಿಯುವ ಬ್ರೌಸರಿಗೆ ನಿಮ್ಮ ಖಾತೆ ಸಂಖ್ಯೆ ಯಾಕೆ ತೋರಿಸಬೇಕು?

ಮೂರನೆಯದು, ಅನುಮಾನ ಬಂದಾಗ ಅದು ನಿಲ್ಲಿಸುತ್ತದೆಯೇ? ಪ್ರಮಾಣಪತ್ರ ಸರಿಯಿಲ್ಲದಿದ್ದರೆ ಇಡೀ ಪುಟ ಅಡ್ಡ ಬಂದು ಹೇಳಬೇಕು. ವಿಳಾಸದ ಪಟ್ಟಿ ಪೂರ್ತಿ ಕಾಣಬೇಕು. ಕೆಲವು ಆ್ಯಪ್‌ಗಳ ಒಳಗೇ ತೆರೆದುಕೊಳ್ಳುವ ಪುಟಗಳಲ್ಲಿ ವಿಳಾಸ ಸರಿಯಾಗಿ ಕಾಣುವುದಿಲ್ಲ. ಅಂಥಲ್ಲಿ ಪಾಸ್‌ವರ್ಡ್ ಬರೆಯಬೇಡಿ, ಬ್ರೌಸರಿನಲ್ಲಿ ವಿಳಾಸವನ್ನು ನೀವೇ ಟೈಪ್ ಮಾಡಿ.

ನಿಮ್ಮ ಫೋನಿನ ಜೊತೆ ಬಂದ ಬ್ರೌಸರ್ ಈ ಮೂರರಲ್ಲೂ ಪಾಸಾದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆಗ ಅದು ಅವರು ಕೊಟ್ಟದ್ದಲ್ಲ, ನೀವು ಆರಿಸಿದ್ದು. ಪಾಸಾಗದಿದ್ದರೆ ಬದಲಿಸಿ. ಹೊಸದನ್ನು ಪ್ಲೇ ಸ್ಟೋರಿನಿಂದ ಅಥವಾ ಮಾಡಿದವರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಫೈಲಿನಿಂದ ಖಂಡಿತ ಬೇಡ. ನನ್ನ ಸಲಹೆ ಕೇಳಿದರೆ, ಒಂದು ಬ್ರೌಸರನ್ನು ವಿದ್ಯಾರ್ಥಿವೇತನ, ಬ್ಯಾಂಕು, ಅರ್ಜಿಗಳಿಗೆಂದೇ ಬೇರೆ ಇಡಿ. ಅದರಲ್ಲಿ ಆಟ, ಸಿನಿಮಾ, ಗೊತ್ತಿಲ್ಲದ ಲಿಂಕು ಯಾವುದೂ ಬೇಡ. ಹಬ್ಬದ ಬಟ್ಟೆಯನ್ನು ದಿನಾ ಹಾಕುವುದಿಲ್ಲವಲ್ಲ, ಹಾಗೆ.

ಇಷ್ಟೆಲ್ಲ ಮಾಡಿದರೂ ಬ್ರೌಸರ್ ಹೇಳಲಾರದ ಒಂದು ವಿಷಯ ಉಂಟು. ಬೀಗದ ಗುರುತು "ದಾರಿ ಭದ್ರ, ಹೆಸರು ಸರಿ" ಎನ್ನುತ್ತದೆ. "ಮನೆಯೊಳಗಿರುವವನು ಸಜ್ಜನ" ಎನ್ನುವುದಿಲ್ಲ. ಮೋಸದ ತಾಣಕ್ಕೂ ಅದರ ಸ್ವಂತ ಹೆಸರಿಗೆ ಸರಿಯಾದ ಪ್ರಮಾಣಪತ್ರ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಎಂದೇ ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ವಿಳಾಸದ ಅಕ್ಷರ ಅಕ್ಷರ ಓದುವ ಕೆಲಸ ನಿಮ್ಮದೇ. ಸರ್ಕಾರಿ ತಾಣವೆಂದು ಹೇಳಿಕೊಳ್ಳುವುದರ ಹೆಸರು ಜಿಒವಿ ಡಾಟ್ ಇನ್ ಅಥವಾ ಎನ್ಐಸಿ ಡಾಟ್ ಇನ್ ಎಂದು ಮುಗಿಯದಿದ್ದರೆ ಅಲ್ಲೇ ನಿಲ್ಲಿ, ಮೇಷ್ಟ್ರನ್ನು ಕೇಳಿ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ಶಾಲೆಯ ಕಂಪ್ಯೂಟರಿನಲ್ಲಿ ಎರಡನೆಯ ಬ್ರೌಸರ್ ಹಾಕಲು ದುಡ್ಡು ಬೇಡ, ಅರ್ಧ ಗಂಟೆ ಸಾಕು. ಹುಡುಗರಿಗೆ ಸರ್ಟಿಫಿಕೇಟ್ ತೆರೆದು ತೋರಿಸಿ. ಯಾರ ಹೆಸರಿಗೆ, ಯಾರ ಸಹಿ, ಎಲ್ಲಿಯವರೆಗೆ ಅವಧಿ ಎಂಬ ಮೂರು ಸಾಲು ಓದಿಸಿದರೆ ಅದೊಂದು ಒಳ್ಳೆಯ ವಿಜ್ಞಾನ ಪಾಠ. ಕನ್ನಡ ಶಾಲೆಯ ಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಅರ್ಜಿ ತುಂಬಲು ಬ್ರೌಸಿಂಗ್ ಸೆಂಟರಿನ ಅಪರಿಚಿತರ ಕೈಗೆ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಕೊಟ್ಟು ಬರುವುದು ಹೆಚ್ಚಾಗಿ ನಮ್ಮ ಮಕ್ಕಳೇ. ಹಾಗಾಗಿ ಮೊದಲು ಕಲಿಯಬೇಕಾದವರೂ ಅವರೇ.

ಈ ವಾರವೇ ಒಂದು ಕೆಲಸ ಮಾಡಿ. ಮನೆಯ ಫೋನು ತೆಗೆದುಕೊಂಡು ಅದರ ಬ್ರೌಸರಿನ ಹೆಸರು, ಆವೃತ್ತಿ, ಕೊನೆಯ ಅಪ್‌ಡೇಟಿನ ತಾರೀಖು ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತರಗತಿಗೆ ತನ್ನಿ. ಇಡೀ ತರಗತಿಯ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ನೋಡಿ. ಯಾರ ಮನೆಯಲ್ಲಿ ಬದಲಾವಣೆ ಬೇಕು ಎನ್ನುವುದು ನಿಮಗೇ ಗೊತ್ತಾಗುತ್ತದೆ.